ಉತ್ತರಗಳಿಲ್ಲದ ಪಾಠ

ನಾಲ್ಕು ಮನೆಗೆ ಕೇಳುವ ಗಂಟಲು ನನ್ನದು. ಬೀದಿಯವರು ನನಗೆ ರೇಡಿಯೋ ಎಂದೇ ಹೆಸರಿಟ್ಟಿದ್ದರು. ಆ ಗಂಟಲಿಗೂ ಒಂದು ಕೆಲಸ ಸಿಕ್ಕಿತು. ಕಂಪ್ಯೂಟರಿನಲ್ಲಿ ನಮ್ಮ ಭಾಷೆ ಕಲಿಯುವ ಹೊರಗಿನವರಿಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆ, ಎದುರಿಗೆ ಮೈಕು, ಗಾಜಿನಾಚೆ ಒಬ್ಬ ಇಂಜಿನಿಯರ್. ಪ್ರತಿ ಪಾಠಕ್ಕೂ ಮೊದಲು ‘ಗಮನವಿಟ್ಟು ಕೇಳಿ, ನಿಧಾನವಾಗಿ ಹೇಳಿ’ ಎನ್ನಬೇಕು.

ಮೊದಲ ತಿಂಗಳು ‘ನಮಸ್ಕಾರ, ಹೇಗಿದ್ದೀರಿ’, ‘ಆಸ್ಪತ್ರೆ ಎಲ್ಲಿದೆ’. ಹೊರಗಿನಿಂದ ಬರುವ ಡಾಕ್ಟರುಗಳಿಗಂತೆ. ಎರಡನೆಯ ತಿಂಗಳು ‘ಬಾಗಿಲು ತೆಗೆ’, ‘ಕೈ ಮೇಲೆತ್ತು’, ‘ಮನೆಯ ಗಂಡಸರೆಲ್ಲಿ’. ಯಾವ ಡಾಕ್ಟರು ರೋಗಿಗೆ ಹೀಗೆ ಹೇಳುತ್ತಾನೆ? ಗಡಿ ದಾಟಿ ಬಂದ ಸೈನಿಕರು ಆಗಲೇ ಊರ ಹೊರಗೆ ಬಿಡಾರ ಹೂಡಿದ್ದರು. ಗೊತ್ತಾಗದಿರಲು ನಾನೇನು ಹಾಲು ಕುಡಿಯುವ ಮಗುವೇ? ಗೊತ್ತಾಯಿತು, ಆದರೂ ಓದಿದೆ. ಮಾತು ಬಲ್ಲವನಿಗೆ ಜಗಳವಿಲ್ಲ, ಭಾಷೆ ಬಂದರೆ ಹೊಡೆಯುವುದಾದರೂ ಕಡಿಮೆಯಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನ ಮಾತ್ರ ತಡೆಯಲಾರದೆ ಇಂಜಿನಿಯರನನ್ನು ಕೇಳಿದೆ.

“ಬರೀ ಪ್ರಶ್ನೆನೇ ಆಯ್ತಲ್ಲ ಸಾರ್. ಜನ ಕೊಡೋ ಉತ್ತರ ಯಾವಾಗ ಓದೋದು?”

“ಉತ್ತರದ ಪಾಠ ಅವರು ಕೇಳಿಲ್ಲಮ್ಮ. ಮುಂದಿಂದು ಓದಿ.”

ಮನೆಯಲ್ಲಿ, ಬ್ಯಾಂಕಿನ ಫೋನಿಗೆ ದನಿ ಕೊಡುತ್ತೇನೆ ಎಂದು ಸುಳ್ಳು ಹೇಳಿದ್ದೆ.

ಅವರು ನಮ್ಮ ಬೀದಿಗೆ ನುಗ್ಗಿದ್ದು ಮಟಮಟ ಮಧ್ಯಾಹ್ನ. ಒದ್ದ ಏಟಿಗೆ ನಮ್ಮ ಬಾಗಿಲು ಚಿಲಕದ ಸಮೇತ ಕಿತ್ತು ಬಂತು. ಒಬ್ಬ ಅಮ್ಮನನ್ನೂ ನನ್ನನ್ನೂ ಗೋಡೆಗೆ ಒತ್ತಿ ಹಿಡಿದ. ಇನ್ನೊಬ್ಬ, ಮೀಸೆ ಕೂಡ ಸರಿಯಾಗಿ ಮೂಡದವನು, ಅಣ್ಣನ ಹಣೆಗೆ ಬಂದೂಕು ಹಿಡಿದು “ಕೈ ಮೇಲೆತ್ತು” ಎಂದ. ನಾನು ಹೇಳಿಕೊಟ್ಟ ಹಾಗೆಯೇ, ಅದೇ ಏರಿಳಿತದಲ್ಲಿ.

ಅಣ್ಣ ವೆಲ್ಡರ್. ವರ್ಷದ ಹಿಂದೆ ಗ್ಯಾಸ್ ಸಿಲಿಂಡರ್ ಬಿದ್ದು ಅವನ ಬಲಭುಜ ಜಜ್ಜಿಹೋಗಿತ್ತು. ಎಡಗೈಯನ್ನಷ್ಟೇ ಎತ್ತಿದ.

“ಬಲಗೈ ಮೇಲಕ್ಕೆ ಬರಲ್ಲಪ್ಪ, ಭುಜ ಮುರಿದಿದೆ.”

ಸೈನಿಕನಿಗೆ ಅದೊಂದೂ ತಿಳಿಯಲಿಲ್ಲ. “ಕೈ ಮೇಲೆತ್ತು!” ಬಂದೂಕಿನ ಹಿಂಬದಿಯಿಂದ ಬಾಯಿಗೆ ಗುದ್ದಿದ. ಎರಡು ಹಲ್ಲು ನೆಲಕ್ಕೆ ಉದುರಿದವು. ಅಣ್ಣ ರಕ್ತ ಉಗುಳುತ್ತ ಮತ್ತೆ ಭುಜದ ಮಾತನ್ನೇ ಹೇಳಿದ. ಈ ಸಲದ ಏಟು ಆ ಭುಜಕ್ಕೇ ಬಿತ್ತು. ಅಣ್ಣ ಕುಸಿದ. ಸೈನಿಕ ಮೂರನೆಯ ಬಾರಿ ಅರಚಿ ಟ್ರಿಗರಿಗೆ ಬೆರಳು ಹಾಕಿದ.

“ಗಮನವಿಟ್ಟು ಕೇಳಿ, ನಿಧಾನವಾಗಿ ಹೇಳಿ.” ಮೈಕಿನ ಮುಂದೆ ಆಡುವ ದನಿಯಲ್ಲೇ ನಾನು ಹೇಳಿಬಿಟ್ಟೆ.

ಬೆರಳು ನಿಂತಿತು. ಅವನು ತಿರುಗಿ ನೋಡಿದ. ಮುಖ ಅರಳಿತು.

“ಟೀಚರ್? ನಮಸ್ಕಾರ ಟೀಚರ್! ಹೇಗಿದ್ದೀರಿ?”

ನಾನು ನನ್ನ ಬಲಗೈಯನ್ನು ಜೋತುಬಿಟ್ಟು, ಅಣ್ಣನ ಭುಜ ತೋರಿಸಿ, ತಲೆ ಅಲ್ಲಾಡಿಸಿದೆ. ಅವನಿಗೆ ತಿಳಿಯಿತು. ನನಗೊಂದು ಸೆಲ್ಯೂಟ್ ಹೊಡೆದು ಜೊತೆಗಾರನನ್ನು ಕರೆದುಕೊಂಡು ಹೊರಟ.

ಪಕ್ಕದ ಮನೆಯಲ್ಲಿ ಮತ್ತೆ ನನ್ನದೇ ವಾಕ್ಯ ಕೇಳಿಸಿತು. ಅಲ್ಲಿನ ಟೈಲರ್ ಏನೋ ವಿವರಿಸತೊಡಗಿದ್ದ, ಗೋಗರೆಯುತ್ತಿದ್ದ. ಆಮೇಲೆ ಎರಡು ಗುಂಡಿನ ಸದ್ದು.

ಅಣ್ಣ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ.

ಸೈನಿಕರ ಲಾರಿಗಳು ಹೋದ ಮೇಲೆ ಟೈಲರನ ಹೆಂಡತಿ ಬಂದಳು. ಮೊಣಕೈವರೆಗೆ ಗಂಡನ ರಕ್ತ, ಕೈಯಲ್ಲಿ ಅವನ ಕತ್ತರಿ. ಬೆನ್ನಿಗೆ ಇಡೀ ಬೀದಿ.

“ನಿನ್ನನ್ಯಾಕೋ ಬಿಟ್ರು? ನನ್ನ ಗಂಡನ್ನ ಕೊಂದೋರು ನಿನ್ನನ್ಯಾಕೆ ಬಿಟ್ರು? ನಮ್ಮನೆ ತೋರಿಸ್ಕೊಟ್ಟು ಬದುಕ್ಕೊಂಡ್ಯಾ?” ಅಣ್ಣನ ಕೊರಳಪಟ್ಟಿ ಹಿಡಿದು ಕೇಳಿದಳು.

ಅಣ್ಣ ಸುಮ್ಮನಿದ್ದಿದ್ದರೆ ಜನ ಅವನನ್ನು ಅಲ್ಲೇ ಸಿಗಿದುಹಾಕುತ್ತಿದ್ದರು. ಅವನು ಬಾಯಿ ತೆರೆದ.

“ಬೇಡ ಕಣೋ, ನಿನ್ನ ತಂಗಿ ಕಣೋ” ಎಂದಳು ಅಮ್ಮ.

“ನಾನಲ್ಲ, ಇವಳು. ಆ ಮಾತೆಲ್ಲ ಅವರಿಗೆ ಕಲಿಸಿದ್ದು ಇವಳೇ” ಎಂದ ಅಣ್ಣ, ಎಡಗೈಯಲ್ಲಿ ನನ್ನ ಜಡೆ ಹಿಡಿದು ಮುಂದಕ್ಕೆ ದಬ್ಬಿದ.

ಕತ್ತರಿ ಮೊದಲು ಕೆನ್ನೆಗೆ ಇಳಿಯಿತು, ಆಮೇಲೆ ಕತ್ತಿಗೆ. ಬಿದ್ದ ಮೇಲೆ ಯಾರ‍್ಯಾರು ಒದ್ದರೋ ಲೆಕ್ಕವಿಲ್ಲ.

ಬದುಕಿದೆ. ಟೈಲರನ ಹೆಂಡತಿಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅಣ್ಣನ ಮೇಲಿದೆ. ಅವನು ಹೇಳಿದ್ದು ನಿಜವೇ, ಆದರೂ ಇದೆ.