ಯಾರೋ ಹಳೇ ಗಿರಾಕಿ

ಅಕ್ಕನ ಮನೆ ಬಾಗಿಲಲ್ಲಿ ಬೂಟು ಬಿಚ್ಚುವಾಗ, ಇವತ್ತು ನಿಜ ಹೇಳಿಯೇಬಿಡಬೇಕೆಂದು ಕೇಬಲ್ ಮಾಲೀಕ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅಷ್ಟರಲ್ಲಿ ಅಕ್ಕ, "ಸರಿಯಾದ ಹೊತ್ತಿಗೆ ಬಂದೆ ಕಣೋ! ಟಿವಿ ಬರ್ತಾನೇ ಇಲ್ಲ, ನೋಡು," ಎಂದಳು. ಗಟ್ಟಿ ಮನಸ್ಸು ಅಲ್ಲೇ ನೀರಾಯಿತು.

"ಡಿಶ್ ತಿರುಗಿರ್ಬೇಕಕ್ಕಾ. ನೋಡ್ತೀನಿ ಇರು," ಎಂದವನೇ ಮೆಟ್ಟಿಲು ಹತ್ತಿದ.

ತಾರಸಿಯ ಮೇಲಿನ ಆ ಡಿಶ್‌ನಿಂದಲೇ ಅವನ ಕಂಪನಿ ಹುಟ್ಟಿದ್ದು. ಜಾಗ ಅಕ್ಕನದು, ಕರೆಂಟು ಅಕ್ಕನದು. ಡಿಶ್‌ನ ಕಂಬ ಬಿಗಿಯಲು ಬಟ್ಟೆ ಒಣಹಾಕುವ ತಂತಿಯನ್ನೂ ಅವಳೇ ಬಿಚ್ಚಿ ಕೊಟ್ಟಿದ್ದಳು. ಇವನು ಮೇಲೆ ಡಿಶ್ ತಿರುಗಿಸುವುದು, ಅವಳು ಕೆಳಗೆ ಟಿವಿ ನೋಡುತ್ತಾ ಕೂಗುವುದು. ಬೀದಿಯಿಂದ ಬೀದಿಗೆ ವೈರು ಹಬ್ಬಿತು, ಊರು ತುಂಬ ಗಿರಾಕಿಗಳಾದರು. "ನಾನಿರೋವರೆಗೂ ನಿನ್ನ ಟಿವಿ ನಿಲ್ಲಲ್ಲ ಕಣಕ್ಕಾ," ಎಂದು ಮಾತು ಕೊಟ್ಟಿದ್ದ.

ಕಳೆದ ವಾರ ಅವನ ಕಂಪನಿ ದೊಡ್ಡ ಕಂಪನಿಯೊಂದರ ಜೊತೆ ವಿಲೀನವಾಯಿತು. ವಿಲೀನ ಎನ್ನುವುದು ಮರ್ಯಾದೆಯ ಮಾತು. ಅವರು ನುಂಗಿದರು, ಇವನು ನುಂಗಿಸಿಕೊಂಡ. ತಣ್ಣಗಿನ ಕೋಣೆಯಲ್ಲಿ, ಉದ್ದ ಮೇಜಿನ ಸುತ್ತ ಕೋಟು ಹಾಕಿದವರು. "ಈ ಮನೆಗೆ ಮಾತ್ರ ಯಾಕೆ ಬಿಟ್ಟಿ? ಯಾರಿದು?" ಎಂದು ಹೊಸ ಮ್ಯಾನೇಜರು ಗಿರಾಕಿಗಳ ಪಟ್ಟಿ ನೋಡುತ್ತಾ ಕೇಳಿದ. ಅಕ್ಕ, ತಾರಸಿ, ಬಟ್ಟೆ ತಂತಿ, ಇದನ್ನೆಲ್ಲ ಅವರ ಮುಂದೆ ಹೇಳಲು ಇವನಿಗೆ ನಾಚಿಕೆಯಾಯಿತು.

"ಯಾರೋ ಹಳೇ ಗಿರಾಕಿ."

"ಹಾಗಾದ್ರೆ ಕಟ್ ಮಾಡ್ಬಹುದಲ್ಲ?"

ತಲೆಯಾಡಿಸಿದ. ಮಹಾ ದೊಡ್ಡ ಮನುಷ್ಯ!

ಈಗ ತುಕ್ಕು ಹಿಡಿದ ಡಿಶ್ ತಬ್ಬಿಕೊಂಡು ತಿರುಗಿಸುತ್ತಿದ್ದ. ಅದಕ್ಕೂ ಟಿವಿಗೂ ಸಂಬಂಧ ತಪ್ಪಿ ಎಷ್ಟೋ ವರ್ಷವಾಗಿತ್ತು; ಟಿವಿ ಬರುತ್ತಿದ್ದುದು ಬೀದಿಯ ವೈರಿನಿಂದ. ಅಕ್ಕನಿಗೆ ಅದು ಗೊತ್ತಿರಲಿಲ್ಲ.

"ಬಂತಾ ಅಕ್ಕಾ?"

"ಇಲ್ವೋ! ಇನ್ನೊಂಚೂರು ಬಲಕ್ಕೆ!"

ಅದೇ ಹಳೆಯ ದನಿ, ಅದೇ ಹುರುಪು. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಿಟಕಿಯಿಂದಲೇ ಅಕ್ಕನನ್ನು ಕೂಗಿದಳು. "ಅಯ್ಯೋ, ಎಲ್ಲಿಂದ ಬರುತ್ತೆ? ಬೆಳಗ್ಗೆ ಕಂಪನಿಯವನು ನಿಮ್ಮ ವೈರು ಕಿತ್ಕೊಂಡು ಹೋದನಲ್ಲ! ಯಾಕಪ್ಪಾ ಅಂತ ಕೇಳಿದ್ರೆ, ಯಾರೋ ಹಳೇ ಗಿರಾಕಿಯಂತೆ, ಮಾಲೀಕರೇ ಕಟ್ ಮಾಡೋಕೆ ಹೇಳಿದ್ದಾರೆ ಅಂದ."

ಅದು ತಾರಸಿಗೂ ಕೇಳಿಸಿತು. ಅವನು ಡಿಶ್ ಹಿಡಿದೇ ನಿಂತ. ಬೇರೆ ಕಡೆಯಿಂದ ಮೆಟ್ಟಿಲಿದ್ದಿದ್ದರೆ ಇಳಿದು ಓಡಿಹೋಗುತ್ತಿದ್ದ.

"ಬಂತು ಕಣೋ!" ಅಕ್ಕ ಕೂಗಿದಳು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. "ಬಂತು, ಬಂತು! ಸಾಕು, ಇಳಿ."

ಇಳಿದು ಬಂದ. ಟಿವಿ ಕಪ್ಪಗಿತ್ತು. ಅಕ್ಕ ಅದರ ಮುಂದೆ ಕೂತು ಅದನ್ನೇ ನೋಡುತ್ತಿದ್ದಳು. ಇವನತ್ತ ತಿರುಗಲಿಲ್ಲ.

"ಕೈ ತೊಳ್ಕೋ ಹೋಗು," ಎಂದಳು. "ತುಕ್ಕಾಗಿರುತ್ತೆ."