ಬಾಣಂತಿ ಖೋಲಿಯ ಬ್ಯಾಟರಿ

ಸೋಲಾರ್ ಅಂಗಡಿಯ ಮಹಾದೇವ ಚಿಕ್ಕೋಡಿಯಿಂದ ಬಂದು, ಕಟ್ಟೆಯ ಮೇಲೆ ಕುಳಿತು ಇನ್ನೂ ಪೂರ್ತಿ ರೇಟು ಹೇಳಿರಲಿಲ್ಲ. ಅಷ್ಟರಲ್ಲಿ ಸದಲಗಾದ ಕಾಕಾಸಾಹೇಬರು ಹೆಗಲ ಮೇಲಿನ ಟವೆಲ್ಲನ್ನು ಅವನ ಕೈ ಮೇಲೆ ಹಾಕಿ, ಅದರಡಿ ಅವನ ಬೆರಳು ಹಿಡಿದುಕೊಂಡರು. ಮಹಾದೇವ ಗಾಬರಿಯಾದ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಹೀಗೆ ಬಟ್ಟೆಯಡಿ ಬೆರಳು ಒತ್ತಿಯೇ ಮಾತಾಡುವುದು. ಕಾಕಾಸಾಹೇಬರ ಪಾಲಿಗೆ ಸೀರೆಯಾಗಲಿ, ಸಿಮೆಂಟಾಗಲಿ, ಎಲ್ಲವೂ ಎತ್ತೇ. ಹೇಳಿದ ರೇಟಿಗೆ ಏನನ್ನಾದರೂ ತಂದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಈ ಸಲದ ವ್ಯಾಪಾರಕ್ಕೆ ಕಾರಣ ಮಗಳು ದೀಪಾಲಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಕೂಸು ಹೆತ್ತಿದ್ದಳು. ಊರಿನ ಕರೆಂಟೋ, ಮನಸ್ಸಾದಾಗ ಬಂದು ಮನಸ್ಸಾದಾಗ ಹೋಗುವಂಥದ್ದು. ತೊಟ್ಟಿಲ ಕಾರ್ಯಕ್ಕೆ ಕೊಲ್ಹಾಪುರ ಕಡೆಯ ಬೀಗರು ಬರುವವರಿದ್ದರು. ತಮ್ಮ ಮನೆಯಲ್ಲಿ ಒಂದು ನಿಮಿಷವೂ ಕರೆಂಟ್ ಹೋಗುವುದಿಲ್ಲವೆಂದು ಕಾಕಾಸಾಹೇಬರು ಅವರಿಗೆ ಫೋನಿನಲ್ಲಿ ಮಾತು ಕೊಟ್ಟು ಕೂತಿದ್ದರು.

ಮಹಾದೇವ ಇಡೀ ಮನೆಗೆ ಸೋಲಾರ್ ಪ್ಯಾನೆಲ್ಲು, ಬ್ಯಾಟರಿಗಳ ಲೆಕ್ಕ ಹಾಕಿ ತಂದಿದ್ದ. ಟಿವಿ, ಫ್ರಿಜ್ಜು, ಕೂಲರು, ಗೇಟಿನ ಮೇಲೆ ಮಾಲೀಕರ ಹೆಸರು ಮಿನುಗಿಸುವ ಬಣ್ಣದ ದೀಪಗಳು, ಎಲ್ಲವೂ ಅದರಲ್ಲಿದ್ದವು. ಕಾಕಾಸಾಹೇಬರು ಒಂದೊಂದೇ ಕಡಿಯತೊಡಗಿದರು. ಹೆಸರಿನ ದೀಪಕ್ಕೆ ಕೈ ಹಚ್ಚಲಿಲ್ಲ. ಕಣ್ಣಿಗೆ ಕಾಣುವ ಕೆಲಸ ಮಾಡದ ಸಾಮಾನೆಲ್ಲ ದಂಡವೆಂದು ಅವರ ತೀರ್ಮಾನ. ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್ಚು ಹೋಯಿತು. ಬ್ಯಾಟರಿಯನ್ನು ಹೊರಗೋಡೆಗೆ ಇಡಬೇಕಾದರೆ ಬೇಕಾಗುವ ಉದ್ದದ ವೈರು ಹೋಯಿತು. ಕೊನೆಗೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆ ಬಂದರು.

"ಉಪ್ಪು, ಇದ್ದಲಿ ನೆಲದಾಗ ಹುಗಿಯಾಕೂ ನಿನಗ ರೊಕ್ಕಾ ಕೊಡಬೇಕೇನಪಾ?"

ಇಷ್ಟೂ ಇಲ್ಲದೆ ತಾನು ಜೋಡಿಸುವುದಿಲ್ಲ ಎಂದು ಮಹಾದೇವ ಕೈ ಬಿಡಿಸಿಕೊಂಡು ಎದ್ದು ಹೋದ. ಮರುದಿನವೇ ಸಂಗ್ರಾಮ ಎಂಬುವನು ಸಿಕ್ಕಿದ. ಹಳೆಯ ಇಲೆಕ್ಟ್ರಿಕ್ ಸ್ಕೂಟರುಗಳಿಂದ ಬಿಚ್ಚಿದ ಸೆಲ್‌ಗಳನ್ನು ತಗಡಿನ ಡಬ್ಬಿಯಲ್ಲಿ ಕೂಡಿಸಿ ಬ್ಯಾಟರಿ ಎಂದು ಮಾರುವುದು ಅವನ ಉದ್ಯೋಗ. ಅವನಿಗೆ ಟವೆಲ್ಲಿನಡಿಯ ಭಾಷೆಯೂ ಗೊತ್ತಿತ್ತು, ಎಲ್ಲದಕ್ಕೂ ಹೂಂ ಅನ್ನುವುದೂ ಗೊತ್ತಿತ್ತು. ಮಾಳಿಗೆಗೊಂದು ಪ್ಯಾನೆಲ್ಲು ಹಚ್ಚಿ, ವೈರು ಉಳಿಯಲೆಂದು ಡಬ್ಬಿಯನ್ನು ಬಾಣಂತಿ ಖೋಲಿಯಲ್ಲೇ, ತೊಟ್ಟಿಲ ಪಕ್ಕದ ಮೂಲೆಯಲ್ಲಿಟ್ಟು ಹೋದ. ಕಾಕಾಸಾಹೇಬರು ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಬಾಣಂತಿ ಖೋಲಿ ಅಂದಮೇಲೆ ಗಾಳಿ ಸೋಕಬಾರದಲ್ಲ. ಕಿಟಕಿ ಬಂದ್, ಬಾಗಿಲಿಗೆ ಕೌದಿ, ಹೊರಸಿನ ಕೆಳಗೆ ಕೆಂಡದ ಕಾವು. ಡಬ್ಬಿ ಬಿಸಿಯಾಗಿ ಪದೇಪದೇ ತಾನೇ ಬಂದ್ ಆಗತೊಡಗಿತು. ಸಂಗ್ರಾಮನಿಗೆ ಫೋನು ಹಚ್ಚಿದರೆ, ಒಳಗಿನ ಒಂದು ಸಣ್ಣ ಬೋರ್ಡಿನ ಕಿರಿಕಿರಿ ಅದು, ಅದನ್ನು ಬಿಟ್ಟು ಎರಡು ವೈರು ನೇರ ಜೋಡಿಸಿಬಿಡಿರಿ ಎಂದ. ಕಾಕಾಸಾಹೇಬರು ಜೋಡಿಸಿದರು. ಡಬ್ಬಿ ಮತ್ತೆ ಬಂದ್ ಆಗಲಿಲ್ಲ. ದುರಸ್ತಿ ಕೂಡ ಪುಕ್ಕಟೆ ಆಯಿತೆಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದರು.

ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಮೋಡದ ದಿನ ಬ್ಯಾಟರಿ ಮನೆಯ ಕರೆಂಟಿನಿಂದಲೇ ತುಂಬುತ್ತಿತ್ತು. ಕೂಸಿನ ಲಂಗೋಟಿ ಒಣಗದೆ ಕಂಗಾಲಾಗಿದ್ದ ಹೆಂಡತಿ ಸುಂದ್ರವ್ವನ ಕೈ ಒಂದು ದಿನ ಡಬ್ಬಿಗೆ ತಾಗಿತು. ಎಂಥಾ ಹಿತವಾದ ಕಾವು! ಅಂದಿನಿಂದ ಲಂಗೋಟಿ, ಕುಂಚಿಗೆ, ಹಾಸುಬಟ್ಟೆ ಎಲ್ಲವೂ ಬ್ಯಾಟರಿಯ ಮೇಲೆ. ಅರ್ಧ ಗಂಟೆಯಲ್ಲಿ ಹಪ್ಪಳದಂತೆ ಒಣಗುತ್ತಿದ್ದವು. ಒಂದೇ ರೇಟಿಗೆ ಎರಡು ಲಾಭ ಎಂದು ಕಾಕಾಸಾಹೇಬರ ಎದೆ ಉಬ್ಬಿತು.

ಆ ಉಬ್ಬಿನಲ್ಲೇ, ಹಾಲಿನ ಡೇರಿಯ ಮುಂದೆ ಸಿಕ್ಕ ಮಹಾದೇವನನ್ನು ಕರೆದು ನಿಲ್ಲಿಸಿ, ನಿನ್ನ ಬ್ಯಾಟರಿ ಬಟ್ಟೆ ಒಣಗಿಸುತ್ತದೇನೋ ಎಂದು ಕೆಣಕಿದರು. ಅವನು ನಗಲಿಲ್ಲ. ಡಬ್ಬಿ ಎಲ್ಲಿದೆ ಎಂದಷ್ಟೇ ಕೇಳಿ, ಉತ್ತರ ಮುಗಿಯುವ ಮೊದಲೇ ಗಾಡಿ ಚಾಲೂ ಮಾಡಿದ. ಹೊಟ್ಟೆಕಿಚ್ಚು ನೋಡು ಎಂದುಕೊಳ್ಳುತ್ತಲೇ ಕಾಕಾಸಾಹೇಬರು ಹಿಂದೆ ಹತ್ತಿ ಕೂತರು.

"ಮದಲ ಕೂಸು, ಬಾಣಂತಿ ಹೊರಗ ಬರ್ಲಿ," ಎಂದ ಮಹಾದೇವ ಬಾಗಿಲಲ್ಲೇ ನಿಂತು.

ಬಾಣಂತಿಗೆ ಗಾಳಿ ಬಡಿದರೆ ನೀನು ಬಂದು ಆರೈಕೆ ಮಾಡುತ್ತೀಯಾ ಎಂದು ಸುಂದ್ರವ್ವ ಜಗಳಕ್ಕೇ ನಿಂತಳು. ಮಹಾದೇವ ಲಂಗೋಟಿಗಳನ್ನು ಸರಿಸಿದ. ಡಬ್ಬಿಯ ಒಂದು ಮಗ್ಗುಲು ಪೂರಿಯಂತೆ ಉಬ್ಬಿತ್ತು. ಅದರ ಅಂಚಿಗೆ ಒತ್ತಿಕೊಂಡಿದ್ದ ಕುಂಚಿಗೆಯ ತುದಿ ಕಂದಿ ಕೆಂಪಾಗಿತ್ತು. ಸುಂದ್ರವ್ವ ಕೂಸನ್ನು ಎತ್ತಿಕೊಂಡು ಓಡಿದ ಓಟಕ್ಕೆ ಬಾಗಿಲ ಕೌದಿ ಹರಿದುಬಂತು. ಹಿಂದೆ ದೀಪಾಲಿಯೂ ಹೊರಬಿದ್ದಳು. ಮಹಾದೇವ ಸ್ವಿಚ್ಚು ಆರಿಸಿ, ವೈರು ಕಳಚಿ, ಡಬ್ಬಿಯನ್ನು ಹಲಗೆಯ ಮೇಲೆ ಸರಿಸಿಕೊಂಡು ಮೇವಿನ ಬಣವೆಯಿಂದ ದೂರ, ಬಯಲಿಗೆ ಒಯ್ದಿಟ್ಟು ಬಂದ. ಕಾಕಾಸಾಹೇಬರು ಖಾಲಿ ತೊಟ್ಟಿಲನ್ನು ಹಿಡಿದು ನಿಂತೇ ಇದ್ದರು.

ತಿರುಗಿ ಬಂದ ಮಹಾದೇವನನ್ನು ಕಂಡದ್ದೇ ಅವರಿಗೆ ಸಿಟ್ಟು ಬಂತು.

"ನೀ ಹೇಳಿದ್ದೆಲ್ಲಾ ಹಾಕಸಾಕ ನಾ ಏನ್ ಸಾಹುಕಾರ ಏನೋ? ನಮ್ಮಂಥವರು ಕತ್ತಲದಾಗ ಕುಂಡ್ರಬೇಕೇನ್?"

ಮಹಾದೇವ ತಲೆ ಕೆರೆದುಕೊಂಡ. "ಅದರಾಗ ನಂದೂ ತಪ್ಪೈತ್ರಿ ಕಾಕಾ. ಮನಿ ತುಂಬ ಲೆಕ್ಕಾ ಹಾಕ್ಕೊಂಡ ಬಂದ್ನಿ. ಕರೆಂಟ್ ಹೋದಾಗ ನಿಮಗ ಖರೇನ ಏನ್ ಬೇಕು ಅಂತ ಕೇಳ್ಲೇ ಇಲ್ಲ. ಈಗ ಹೇಳ್ರಿ, ಏನ್ ಬೇಕು?"

ಕಾಕಾಸಾಹೇಬರು ತೊಟ್ಟಿಲು ನೋಡಿದರು. ಸೊಳ್ಳೆ ಓಡಿಸಲು ಕೂಸಿನ ಮೇಲೊಂದು ಫ್ಯಾನು, ಒಂದು ದೀಪ. ಬಹಳವೆಂದರೆ ಒಂದು ಫೋನು. ಮತ್ತೇನೂ ನೆನಪಾಗಲಿಲ್ಲ.

ಮತ್ತೆ ಕಡಿಯುವ ಕೆಲಸ ಶುರುವಾಯಿತು, ಈ ಸಲ ಇನ್ನೊಂದು ಬದಿಯಿಂದ. ಟಿವಿ ಹೋಯಿತು, ಕೂಲರ್ ಹೋಯಿತು, ಫ್ರಿಜ್ಜು ಹೋಯಿತು. ಗೇಟಿನ ಹೆಸರಿಗೆ ಬಂದಾಗ ಕಾಕಾಸಾಹೇಬರು ಎರಡು ಸಲ ಕೆಮ್ಮಿ, ಅದನ್ನೂ ತೆಗೆ ಎಂದರು. ಬ್ಯಾಟರಿ ಪುಟ್ಟದಾಯಿತು. ಆದರೆ ಬಿಸಿಯಾದರೆ ಬ್ಯಾಟರಿಯನ್ನು ಬಂದ್ ಮಾಡುವ ಬೋರ್ಡು, ಬೀಳುವ ಸ್ವಿಚ್ಚು, ಉದ್ದದ ವೈರು, ಹೊರಗೋಡೆಯ ನೆರಳಿನ ಜಾಗ, ಎಲ್ಲವೂ ಉಳಿದವು. ರೇಟು ಕೈಗೆಟುಕಿತು. ಅರ್ಥಿಂಗಿನ ಕುಣಿ ತೋಡುವ ಕೂಲಿ ಉಳಿಯಲೆಂದು ಕಾಕಾಸಾಹೇಬರು ತಾವೇ ಧೋತರ ಎತ್ತಿ ಕಟ್ಟಿ ಗುದ್ದಲಿ ಹಿಡಿದರು. ಮಹಾದೇವ ಸಾಕು ಎಂದಮೇಲೂ ಇನ್ನೊಂದು ಮೊಳ ತೋಡಿದರು.

ತೊಟ್ಟಿಲ ಕಾರ್ಯದ ಸಂಜೆ, ಬೀಗರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗಲೇ ಕರೆಂಟ್ ಹೋಯಿತು. ಪಡಸಾಲೆ ಕತ್ತಲಾಯಿತು, ತಲೆಯ ಮೇಲಿನ ಫ್ಯಾನು ನಿಂತಿತು. ಒಳಗೆ, ಬಾಣಂತಿ ಖೋಲಿಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು.

"ಕಾಯ್ ಹೋ, ಏನ್ರಿ ಬೀಗರ," ಎಂದರು ಬೀಗರು ಕತ್ತಲಲ್ಲಿ ನಗುತ್ತ, "ಒಂದ ನಿಮಿಷಾನೂ ಹೋಗೂದಿಲ್ಲ ಅಂದಿದ್ರಿ?"

ಕಾಕಾಸಾಹೇಬರು ಬೀಸಣಿಗೆ ಹುಡುಕಿ ತಂದು ಬೀಗರ ಎದುರು ಕುಳಿತು ಗಾಳಿ ಬೀಸತೊಡಗಿದರು.

"ಕೂಸಿಗೆ ಹೋಗಿಲ್ರಿ. ನಮಗ ಕತ್ತಲ ನಡೀತೈತಿ, ನಾವೆಲ್ಲಾ ದೊಡ್ಡವರದೀವಿ."

ಬೀಗರು ಒಂದು ಗಳಿಗೆ ಖೋಲಿಯ ಬೆಳಕಿನ ಕಡೆ ನೋಡಿದರು. ಆಮೇಲೆ ಎಡಗೈಯಿಂದ ಟೊಪ್ಪಿಗೆ ತೆಗೆದು ತಾವೂ ಬೀಸಿಕೊಳ್ಳುತ್ತ, ಬಲಗೈಯಿಂದ ಎಲೆಯ ಮೇಲೆ ಹೋಳಿಗೆ ಹುಡುಕತೊಡಗಿದರು.