ಮಾಳಿಗೆಯ ಮಣ್ಣು

ಪಂಪಮ್ಮ ಎರಡೂ ಕೈ ಹಾಕಿ ಎಳೆದಳು. ಒನಕೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಮಾಳಿಗೆಯ ತೊಲೆ ಬಾಗಿದರೆ ಗೊತ್ತಾಗಲಿ ಎಂದು ಮುಂಜಾನೆ ಪಕ್ಕದ ಮನೆಯ ಬಡಗಿ ಎರ್ರಿಯಪ್ಪ ಅದನ್ನು ಕೆಳಗೆ ನಿಲ್ಲಿಸಿ ಹೋದಾಗ ಮೇಲೆ ಎರಡು ಬೆರಳು ಸಂದಿ ಇತ್ತು. ಈಗ ಮಧ್ಯಾಹ್ನ. ತೊಲೆ ಇಳಿದು ಬಂದು ಒನಕೆಯ ತಲೆಯ ಮೇಲೆ ಕೂತಿತ್ತು. ಅದರಡಿಯಲ್ಲೇ ಮಗಳು ವಿರುಪಮ್ಮ ಒಂಬತ್ತು ದಿನದ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು.

ಮೆಟ್ರಿ ಊರಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು. ಮಣ್ಣಿನ ಮಾಳಿಗೆಯ ಮೇಲೆ ಧಪ್ಪೆಂದು ಸದ್ದಾಯಿತು. ಗಂಡ ಅಂದಾನಪ್ಪ ಸೋರುವಲ್ಲಿಗೆ ನೀರು ಇಳಿಯಗೊಡದ ಚೌಳು ಮಣ್ಣನ್ನು ಇನ್ನೊಂದು ಬುಟ್ಟಿ ಸುರಿದಿದ್ದ. ಅವನಪ್ಪ ಇದ್ದಾಗ ವರ್ಷವರ್ಷ ಹಳೇ ಮಣ್ಣು ಕೆರೆದು ತೆಗೆದು ಹೊಸದು ಹಾಕುತ್ತಿದ್ದ. ಮಹಾಜ್ವರದ ವರ್ಷ ಅಪ್ಪ ಹೋದ ಮೇಲೆ ಈ ಪುಣ್ಯಾತ್ಮ ಹತ್ತು ವರ್ಷ ಬರೀ ಹಾಕಿದ್ದೇ ಹಾಕಿದ್ದು, ಒಂದು ಹಿಡಿ ತೆಗೆದದ್ದಿಲ್ಲ. ಮಣ್ಣು ಹೆಚ್ಚಿದಷ್ಟೂ ಮನೆ ಗಟ್ಟಿ ಎಂದು ಊರಿಗೆಲ್ಲ ಬುದ್ಧಿ ಬೇರೆ ಹೇಳುತ್ತಿದ್ದ.

ತೊಲೆ ಲಟ್ಟೆಂದಿತು. ಪಂಪಮ್ಮ ಬಾಗಿಲಿಗೆ ಓಡಿ ಕೂಗಿದಳು.

"ಎರ್ರಿಯಪ್ಪ ಮಾವಾ! ಒನಕಿ ಬಿಗದೈತಿ, ಜಲ್ದಿ ಬರ್ರಿ!"

ಎರ್ರಿಯಪ್ಪ ಓಡಿ ಬಂದು ಮೇಲೆ ನೋಡಿದ. ದನಿ ತಗ್ಗಿಸಿ ಹೇಳಿದ, "ಮೊದ್ಲು ಕೂಸು ಎತ್ತಿಕೊಳ್ಳವ್ವ. ಮಗಳನ್ನ ಎಬ್ಬಸು. ನಮ್ಮನಿಗೆ ನಡೀರಿ."

"ಹಸೀ ಬಾಣಂತಿ ಮಾವಾ. ಈ ಥಂಡಿ ಗಾಳ್ಯಾಗ ಸನ್ನಿ ಹಿಡದ್ರ ಹೆಂಗ?"

"ಸನ್ನಿಗೆ ಮದ್ದೈತಿ. ಇದಕ್ಕಿಲ್ಲ."

ಕಂಬಳಿ ಹೊದಿಸಿ ಇಬ್ಬರನ್ನೂ ಎರ್ರಿಯಪ್ಪನ ಮನೆಗೆ ಸೇರಿಸಿ ಪಂಪಮ್ಮ ಅಂಗಳಕ್ಕೆ ಓಡಿ ಬಂದಳು. ಗಂಡ ಮಾಳಿಗೆಯ ನಟ್ಟನಡುವೆ ನಿಂತು ಹೊಸ ಮಣ್ಣನ್ನು ತುಳಿಯುತ್ತಿದ್ದ.

"ಸೋರೂದು ನಿಂತತೇನ?" ಎಂದು ಹಿಗ್ಗಿನಿಂದ ಕೇಳಿದ.

"ತುಳೀಬ್ಯಾಡ್ರಿ! ನಿಮಗ ಕೈ ಮುಗೀತೀನಿ, ತುಳೀಬ್ಯಾಡ್ರಿ!"

"ಅಂದಾನಪ್ಪ, ತೊಲಿ ಹೋತು," ಎಂದ ಎರ್ರಿಯಪ್ಪ. "ಓಡಬ್ಯಾಡ. ಮೆಲ್ಲಕ ಗ್ವಾಡಿ ಕಡೆ ಸರಿ. ಗ್ವಾಡಿ ಮ್ಯಾಲ ಕಾಲಿಡು."

ನಗಲು ಹೋದ ಅಂದಾನಪ್ಪನ ಕಾಲ ಕೆಳಗೆ ಮಣ್ಣು ಒಂದು ಬೆರಳು ಕುಸಿಯಿತು. ಅವನ ಮುಖ ಬಿಳಿಚಿತು. ಒಂದು ಹೆಜ್ಜೆ, ಇನ್ನೊಂದು. ಅವನ ಎರಡನೇ ಕಾಲು ಗೋಡೆ ಮುಟ್ಟಿತು, ಹಿಂದೆಯೇ ನಡುಮಾಳಿಗೆ ಒಳಗಿಳಿಯಿತು. ಹಸಿ ಮಣ್ಣು, ದೂಳು ಕೂಡ ಏಳಲಿಲ್ಲ. ಬಾಣಂತಿಯ ಹಾಸಿಗೆ ಇದ್ದ ಜಾಗದಲ್ಲಿ ಎದೆಮಟ್ಟ ಮಣ್ಣು ಬಿದ್ದಿತ್ತು.

ಅವನನ್ನು ಏಣಿ ಹಾಕಿ ಇಳಿಸಿಕೊಂಡರು.

"ಒಳಗ ಬಾರಪ್ಪ, ಎಷ್ಟು ತೊಯ್ತಿ?" ಎಂದು ಎರ್ರಿಯಪ್ಪ ತನ್ನ ಬಾಗಿಲಲ್ಲಿ ನಿಂತು ಕರೆದ.

ಅಂದಾನಪ್ಪ ಹೊಸ್ತಿಲಿಗೆ ಕಾಲೆತ್ತಿದವನು ತಲೆಯೆತ್ತಿ ನೋಡಿದ.

"ನಿಮ್ಮ ಮಾಳಿಗಿ ಮ್ಯಾಲ ಮಣ್ಣು ಎಷ್ಟೈತ್ರಿ?"

ಒಳಗೆ ಕೂಸು ಅಳತೊಡಗಿತು. ಅವನು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಮಳೆಯಲ್ಲೇ ನಿಂತ.